ಹರಳಣ್ಣ ಕೂರಿಸಿದ ನಾಲ್ಕು ಟೈರು

ಹರಳಣ್ಣನ ಟೈರಂಗಡಿಯ ಎಡಗೋಡೆಗೆ ಒಂದು ಉದ್ದನೆಯ ಹಲಗೆ, ಹಲಗೆಯ ಮೇಲೆ ನಲವತ್ತಮೂರು ಜಾಮಿನ ಬಾಟಲಿ, ಬಾಟಲಿಗಳ ತುಂಬ ಕಲ್ಲಿನ ಹರಳು. ಬೆಳಗಿನ ಬಿಸಿಲು ಒಂದೊಂದೇ ಬಾಟಲಿಯನ್ನು ಮುಟ್ಟಿಕೊಂಡು ಹೋಗುವಾಗ ಅಂಗಡಿಯ ಕರಿ ರಬ್ಬರಿನ ನಡುವೆ ಅಲ್ಲೊಂದು ಕೆಂಪು, ಇಲ್ಲೊಂದು ಜೇನುಬಣ್ಣ ಹೊತ್ತಿಕೊಂಡು ಆರುತ್ತಿತ್ತು. ಪ್ರತಿ ಬಾಟಲಿಗೂ ಒಂದು ಚೀಟಿ. ‘ಕಲ್ಲುಗಣಿ ರಸ್ತೆ’, ‘ಸಮುದ್ರದ ದಾರಿ’, ‘ಆಸ್ಪತ್ರೆ ಹಿಂದಿನ ಓಣಿ’, ‘ಹೊಸ ಸೇತುವೆ, ಟಾರು ಹಾಕುವ ಮುಂಚೆ’. ಒಂದರ ಮೇಲೆ ಮಾತ್ರ ‘ಎಲ್ಲಿಯದೋ’ ಎಂದು ಬರೆದಿತ್ತು.

ಯಾರ ಗಾಡಿಯೇ ಬರಲಿ, ಅವನು ಮೊದಲು ಗಿಡ್ಡ ಸ್ಟೂಲನ್ನು ಎಳೆದುಕೊಂಡು ಚಕ್ರದ ಮುಂದೆ ಕೂರುತ್ತಿದ್ದ. ತುದಿ ಬಗ್ಗಿಸಿದ ಒಂದು ಸೈಕಲ್ ಕಡ್ಡಿಯಿಂದ ಟೈರಿನ ಗೀರುಗಳಲ್ಲಿ ಸಿಕ್ಕಿಕೊಂಡ ಹರಳುಗಳನ್ನು ಎಬ್ಬಿಸಿ ತೆಗೆಯುತ್ತಿದ್ದ. ಬಿಟ್ಟರೆ ಹರಳು ಓಡುತ್ತ ಓಡುತ್ತ ಒಳಕ್ಕೆ ಕೊರೆಯುತ್ತದೆ ಎಂಬುದು ಗಿರಾಕಿಗಳಿಗೆ ಹೇಳುವ ಕಾರಣ. ಹೇಳದೆ ಇಟ್ಟುಕೊಂಡ ಕಾರಣ ಬೇರೆ. ಹರಳನ್ನು ಅಂಗೈಯಲ್ಲಿಟ್ಟುಕೊಂಡರೆ ಗಾಡಿ ಎಲ್ಲಿಗೆ ಹೋಗಿ ಬಂತು ಎಂದು ಅವನಿಗೆ ಗೊತ್ತಾಗುತ್ತಿತ್ತು. ಬರೀ ಗೊತ್ತಾಗುವುದಲ್ಲ, ಕಾಣುತ್ತಿತ್ತು.

“ಏನ್ ಹರಳಣ್ಣಾ, ಚಿನ್ನ ಸಿಕ್ತಾ?” ಎಂದು ಒಮ್ಮೆ ವಿಮೆ ಏಜೆಂಟೊಬ್ಬರು ಕೇಳಿದ್ದರು.

“ಚಿನ್ನ ಎಲ್ಲಿ ಬಂತು ಸಾರ್, ಮರಳು. ಸಮುದ್ರ ಹೇಗಿತ್ತು? ಅಲೆ ಜೋರಿತ್ತಾ?”

ಗಾಡಿಯೊಳಗಿಂದ ಏಜೆಂಟರ ಹೆಂಡತಿಯ ತಲೆ ಹೊರಬಂತು. “ಸಮುದ್ರಾನಾ? ಮೀಟಿಂಗು ಅಂದ್ರಲ್ರೀ ನೀವು!”

ಅವತ್ತಿನಿಂದ ಹರಳಣ್ಣ ಬಾಯಿಗೆ ಬೀಗ ಹಾಕಿಕೊಂಡ. ಟೈರು ಹೇಳುವುದನ್ನೆಲ್ಲ ಮನುಷ್ಯರ ಮುಂದೆ ಆಡಬಾರದು ಎಂದು ಅವನಿಗೆ ಅರ್ಥವಾಗಿತ್ತು.

ವಿಚಿತ್ರವೆಂದರೆ ಇಷ್ಟು ರಸ್ತೆ ಬಲ್ಲವನು ಯಾವ ರಸ್ತೆಯನ್ನೂ ನೋಡಿದವನಲ್ಲ. ಅವನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಕಾರಿನೊಳಗೆ ಕೂತು ಬಾಗಿಲು ಹಾಕಿದರೆ ಸಾಕು, ಹೊಟ್ಟೆ ತೊಳೆಸಲು ಶುರು. ಚಿಕ್ಕಂದಿನಿಂದಲೂ ಹಾಗೇ. “ನಾನು ಟೈರ್ ಕೂರಿಸೋನು, ಕಾರಲ್ಲಿ ಕೂರೋನಲ್ಲ” ಎಂದು ನಗಾಡಿಬಿಡುತ್ತಿದ್ದ. ಮನೆಗೂ ಅಂಗಡಿಗೂ ನಡಿಗೆ, ಮಗಳ ಮನೆಗೂ ನಡಿಗೆ. ಮಧ್ಯಾಹ್ನ ಊಟವಾದ ಮೇಲೆ ಟೈರುಗಳ ಅಟ್ಟಿಯ ಮೇಲೆ ಗೋಣಿ ಹಾಸಿ ಮಲಗಿದರೆ ಮಾತ್ರ ಅವನ ಪ್ರಯಾಣ. ರಬ್ಬರಿನ ವಾಸನೆ ಬೆಚ್ಚಗೆ ಮೇಲೇಳುತ್ತಿತ್ತು, ಕಣ್ಣು ಭಾರವಾಗುತ್ತಿತ್ತು, ಬಾಟಲಿಗಳ ಮುಚ್ಚಳ ತೆರೆದುಕೊಂಡು ಒಂದೊಂದು ಹರಳೂ ತನ್ನ ರಸ್ತೆಯನ್ನು ಬಿಚ್ಚಿ ಹಾಸುತ್ತಿತ್ತು. ಕೆಂಪು ರಸ್ತೆ ಗುಡ್ಡವನ್ನು ಸುತ್ತಿಕೊಂಡು ಹೋಗುತ್ತಿತ್ತು. ಮರಳಿನ ರಸ್ತೆ ನೀರಿನ ತನಕ ಹೋಗಿ, ಅಲ್ಲಿ ನಿಲ್ಲದೆ ನೀರಿನ ಮೇಲೂ ಒಂದಿಷ್ಟು ದೂರ ಹೋಗುತ್ತಿತ್ತು. ಆ ರಸ್ತೆಗಳಲ್ಲಿ ಅವನಿಗೆ ಹೊಟ್ಟೆ ತೊಳೆಸುತ್ತಿರಲಿಲ್ಲ.

ಅವನ ಹೆಸರು ನಿಂತಿದ್ದದ್ದು ಬಾಳಿಕೆಯ ಮೇಲೆ. ಟ್ಯಾಕ್ಸಿಯವರು, ಹಾಲಿನ ವ್ಯಾನಿನವರು, ಕೊರಿಯರಿನವರು, ಎಲ್ಲರೂ ಊರ ಆ ಬದಿಯಿಂದ ಈ ಬದಿಗೆ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಹರಳಣ್ಣ ಕೂರಿಸಿದ ಟೈರು ಸವೆಯುವುದೇ ಇಲ್ಲ ಎಂಬ ಮಾತಿತ್ತು. ಅವನು ಹೆಬ್ಬೆರಳಿನ ಉಗುರನ್ನು ರಬ್ಬರಿಗೆ ಒತ್ತಿ ನೋಡುತ್ತಿದ್ದ. ಉಗುರಿನ ಗುರುತು ಮೂಡಿದರೆ ಮೆದು, ಮೂಡದಿದ್ದರೆ ಗಟ್ಟಿ. ಗಟ್ಟಿಯದನ್ನೇ ಕೊಡುತ್ತಿದ್ದ. “ಇದು ನಿಮ್ಮನ್ನೂ ನನ್ನನ್ನೂ ಕಳಿಸಿ ಆಮೇಲೂ ಓಡತ್ತೆ, ತಗೊಂಡೋಗಿ” ಎನ್ನುತ್ತಿದ್ದ. ಅರವತ್ತೆಂಟು ದಾಟಿದ ಮೇಲೆ ಆ ಮಾತಿನಲ್ಲಿ ‘ನನ್ನನ್ನೂ’ ಎಂಬುದನ್ನು ಬೇಗಬೇಗ ಹೇಳಿ ಮುಗಿಸುತ್ತಿದ್ದ.

ಅವನಿಗಿದ್ದವಳು ಒಬ್ಬಳೇ ಮಗಳು. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಟೈರುಗಳ ನಡುವೆಯೇ ಬೆಳೆಸಿದ್ದ. ಅವಳು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಯಾರದೋ ಬಾಯಿ ನೋಯುತ್ತದೆ ಎಂದು ಮೂರು ಸಲ ನೋಡುವವಳು. ಮಗು ಹುಟ್ಟಿದ ಮೇಲೆ ಆ ಮೂರು ಮೂವತ್ತಾಗಿತ್ತು. ಎಂಟು ತಿಂಗಳ ಕೂಸು ಮಲಗಿದರೆ ಉಸಿರಾಡುತ್ತಿದೆಯೇ ಎಂದು ಬೆರಳು ಹಿಡಿದು ನೋಡುವುದು, ಎದ್ದರೆ ಯಾಕೆ ಇಷ್ಟು ಬೇಗ ಎದ್ದಿತು ಎಂದು ಹಣೆ ಮುಟ್ಟುವುದು. ಅಂಗಡಿಗೆ ಬಂದರೆ ಬಾಟಲಿಗಳ ಮುಚ್ಚಳ ಬಿಗಿಯಾಗಿವೆಯೇ ಎಂದು ನಲವತ್ತಮೂರನ್ನೂ ತಿರುವಿ ನೋಡುತ್ತಿದ್ದಳು.

“ಅಪ್ಪಾ, ಇದ್ರಲ್ಲಿ ಒಂದು ಕಲ್ಲು ಇವಳ ಬಾಯಿಗೆ ಹೋದ್ರೆ?”

“ಹಲ್ಲೇ ಬಂದಿಲ್ಲ, ಕಲ್ಲು ತಿಂತಾಳಾ ನಿನ್ನ ಮಗಳು?”

“ಹಲ್ಲಿಲ್ದಿದ್ರೆ ನುಂಗ್ತಾರೆ. ಅದೇ ಭಯ.”

ಅಂಥವಳಿಗೆ ಸಿಕ್ಕ ಕಾರು ಎಂಥದು! ಅವಳ ಅತ್ತೆ, ಅಂದರೆ ಹರಳಣ್ಣನ ಬೀಗಿತ್ತಿ, ಶಾಲೆಯಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟ ಟೀಚರು. ತೂಕದ ಹೆಂಗಸು, ತೂಕದ ಮಾತು. ಆದರೆ ಸ್ಟಿಯರಿಂಗ್ ಹಿಡಿದರೆ ಬೇರೆಯೇ ಅವತಾರ. ಅವರ ಕಡುನೀಲಿ ಕಾರಿನ ಎಂಜಿನ್ನಿಗೆ ಆರು ಸಿಲಿಂಡರು, ಶಕ್ತಿಯೆಲ್ಲ ಹಿಂದಿನ ಎರಡು ಚಕ್ರಕ್ಕೆ. ಹಳೆಯ ಕಾರು, ಓಡಿಸುವವರ ತಪ್ಪು ತಿದ್ದುವ ಯಂತ್ರಗಳು ಬರುವ ಮುಂಚಿನದು. ಮೊಣಕಾಲುಗಳು ಮುಷ್ಕರ ಹೂಡಿದ ದಿನ ಟೀಚರಮ್ಮ ಕೀಲಿಕೈಯನ್ನು ಸೊಸೆಯ ಅಂಗೈಯಲ್ಲಿಟ್ಟಿದ್ದರು. ಮಗನಿಗೆ ಕೊಡಲಿಲ್ಲ. ಮಗ ರೈಲ್ವೆ ಗಾರ್ಡು. “ಅವನು ಕೊನೇ ಡಬ್ಬಿಯಲ್ಲಿ ಕೂತು ಬಾವುಟ ಬೀಸೋದಕ್ಕೇ ಸರಿ” ಎಂದಿದ್ದರು.

ಮಗಳು ಮತ್ತೆ ಕೆಲಸಕ್ಕೆ ಹೋಗುವ ದಿನ ಹತ್ತಿರ ಬಂತು. ಲ್ಯಾಬಿನ ಪಕ್ಕದಲ್ಲೇ ಶಿಶುವಿಹಾರವಿತ್ತು. ಬಸ್ಸಿನಲ್ಲಿ ಹೋದರೆ ಎರಡು ಕಡೆ ಇಳಿದು ಹತ್ತಬೇಕು, ಅಲ್ಲೆಲ್ಲ ಕೆಮ್ಮುವವರು. ಕಾರಿನಲ್ಲಾದರೆ ಮೇಲ್ಸೇತುವೆ ಹತ್ತಿ ಇಳಿದರೆ ಇಪ್ಪತ್ತು ನಿಮಿಷ. ಅದಕ್ಕೇ ಅತ್ತೆ ಸೊಸೆ ಇಬ್ಬರೂ ಕೂಸನ್ನು ಹಿಂದಿನ ಸೀಟಿನ ತೊಟ್ಟಿಲುಗುರ್ಚಿಗೆ ಬಿಗಿದು ಅಂಗಡಿಗೆ ಬಂದರು.

ಹರಳಣ್ಣ ಸ್ಟೂಲು ಎಳೆದುಕೊಂಡು ಹಳೆಯ ಟೈರುಗಳ ಬದಿಯಲ್ಲಿ ಅಚ್ಚೊತ್ತಿದ ನಾಲ್ಕಂಕಿಯನ್ನು ಓದಿದ. ಯಾವ ವರ್ಷದ ಎಷ್ಟನೇ ವಾರ ಹುಟ್ಟಿದ್ದು ಎಂದು ಹೇಳುವ ಅಂಕಿ ಅದು. “ಎಂಟು ವರ್ಷ ಆಗಿದೆ ಟೀಚರಮ್ಮಾ. ಇತ್ತೀಚೆಗೆ ಕಾರು ನಿಂತಿದ್ದೇ ಹೆಚ್ಚು, ಗೀರು ಇದೆ, ಜೀವ ಇಲ್ಲ. ಎಲ್ಲ ಬಿರುಕು.”

“ಅದಕ್ಕೇ ತಾನೇ ಬಂದಿದ್ದು ಬೀಗರೇ. ನಾಲ್ಕೂ ಬದಲಾಯಿಸಿ. ಚೆನ್ನಾಗಿ ಹಿಡಿಯೋದು ಹಾಕಿ.”

ಅವನು ಒಳಗೆ ಹೋದ. ಅಟ್ಟಿಯಿಂದ ಅಟ್ಟಿಗೆ ಉಗುರು ಒತ್ತಿ ನೋಡುತ್ತ ನಡೆದ. ಮಗಳು ಒಳಗೆ ಬಂದು ಬಾಟಲಿ ಮುಚ್ಚಳ ತಿರುವುತ್ತಿದ್ದಳು, ಕೂಸು ಅವಳ ಹೆಗಲ ಮೇಲೆ ತಲೆಯಿಟ್ಟು ಬಿಸಿಲಿನ ಧೂಳನ್ನು ನೋಡುತ್ತಿತ್ತು. ಆ ಗಳಿಗೆಯಲ್ಲಿ ಹರಳಣ್ಣನ ಕಣ್ಣ ಮುಂದೆ ಎಚ್ಚರವಿದ್ದಂತೆಯೇ ಒಂದು ಕನಸು ಹಾದುಹೋಯಿತು. ಕೂಸು ದೊಡ್ಡದಾಗಿದೆ, ಎರಡು ಜಡೆ, ಬೆನ್ನಿಗೆ ಚೀಲ, ಅದೇ ಕಾರಿನಿಂದ ಶಾಲೆಯ ಮುಂದೆ ಇಳಿಯುತ್ತಿದೆ. ಕಾರಿನ ಕೆಳಗೆ ಅವೇ ನಾಲ್ಕು ಟೈರು. ಅಂಗಡಿಯ ಷಟರು ಮಾತ್ರ ಇಳಿದಿದೆ. ಹರಳಣ್ಣ ಎಲ್ಲೂ ಕಾಣುತ್ತಿಲ್ಲ.

ಉಗುರಿನ ಗುರುತು ಎಳ್ಳಷ್ಟೂ ಮೂಡದ ನಾಲ್ಕು ಟೈರುಗಳನ್ನು ಅವನು ಉರುಳಿಸಿಕೊಂಡು ಬಂದ. ಬದಿಯಲ್ಲಿ ಬಾಳಿಕೆಯ ಅಂಕಿ ಏಳುನೂರು. ಅಂಕಿ ದೊಡ್ಡದಾದಷ್ಟೂ ರಬ್ಬರು ಗಟ್ಟಿ, ಸವೆತ ನಿಧಾನ; ಅಂಗಡಿಯಲ್ಲಿ ಅದಕ್ಕಿಂತ ದೊಡ್ಡ ಅಂಕಿ ಇರಲಿಲ್ಲ.

ಟೀಚರಮ್ಮ ಕನ್ನಡಕ ಏರಿಸಿ ಬಗ್ಗಿ ಓದಿದರು. “ಬೀಗರೇ, ಇದು ಟ್ಯಾಕ್ಸಿ ಅಲ್ಲ.”

“ಟ್ಯಾಕ್ಸಿಯವ್ರು ದಡ್ಡರಾ ಟೀಚರಮ್ಮಾ? ದಿನಾ ಓಡ್ಸೋರು ಅವ್ರು.”

“ನನ್ನ ಕಾಲದಲ್ಲಿ ಇನ್ನೂರು ಮುನ್ನೂರರ ಮೇಲೆ ಹಾಕಿದ್ದಿಲ್ಲ.”

“ಅದಕ್ಕೇ ಆಗ ಎರಡು ವರ್ಷಕ್ಕೊಂದ್ಸಲ ಬೋಳು ಮಾಡ್ಕೊಂಡು ಬರ್ತಿದ್ರಿ. ಲೆಕ್ಕದಲ್ಲಿ ಅಂಕಿ ಜಾಸ್ತಿ ಇದ್ರೆ ಒಳ್ಳೇದು ತಾನೇ?”

“ಎಲ್ಲಾ ಲೆಕ್ಕದಲ್ಲೂ ಅಲ್ಲ” ಎಂದರು ಟೀಚರಮ್ಮ. ಬೀಗರ ಕಸುಬಿನಲ್ಲಿ ಹೆಚ್ಚು ಬಾಯಿ ಹಾಕುವುದು ಚೆನ್ನಲ್ಲವೆಂದು ಅಲ್ಲಿಗೇ ಸುಮ್ಮನಾದರು. ಹರಳಣ್ಣ ಅದನ್ನು ಬರಿಯ ಬೀಗರ ಚುಚ್ಚು ಎಂದುಕೊಂಡ. ಸಂಜೆಯವರೆಗೆ ಕೂತು ನಾಲ್ಕನ್ನೂ ತಾನೇ ಕೂರಿಸಿದ, ನಟ್ಟುಗಳನ್ನು ಎರಡೆರಡು ಸಲ ಬಿಗಿದ, ಒದ್ದೆ ಬಟ್ಟೆಯಿಂದ ಒರೆಸಿದ. ಮಗಳು ಹೊರಟಾಗ ಚಕ್ರದ ಮೇಲೆ ಅಂಗೈಯಿಟ್ಟು, “ಇವಳು ಶಾಲೆಗೆ ಹೋಗೋವರೆಗೂ ಚಿಂತೆ ಇಲ್ಲ ಬಿಡು” ಎಂದ. ಮಗಳ ಮುಖ ಎಷ್ಟೋ ದಿನದ ಮೇಲೆ ಸಡಿಲವಾಯಿತು.

ಐದು ವಾರ ಕಳೆಯಿತು. ಮಳೆ ಶುರುವಾಯಿತು. ಒಂದು ಭಾನುವಾರ ಹರಳಣ್ಣ ಎಂದಿನಂತೆ ಛತ್ರಿ ಹಿಡಿದು ಮಗಳ ಮನೆಗೆ ನಡೆದು ಬಂದ. ಕಾರು ಮನೆಯ ಪಕ್ಕದ ಶೀಟಿನ ಕೆಳಗೆ ನಿಂತಿತ್ತು, ಮೈತುಂಬ ಹೊದಿಕೆ. ಹೊದಿಕೆಯ ಮೇಲೆ ಎಲೆ ಬಿದ್ದು ಒಣಗಿತ್ತು.

“ಯಾಕೆ ಕಾರು ತೆಗೀತಿಲ್ವಾ?”

“ಬಸ್ಸೇ ಆರಾಮು ಅನ್ನಿಸ್ತಪ್ಪಾ” ಎಂದಳು ಮಗಳು. ಕೂಸಿನ ಕಾಲುಚೀಲ ಸರಿಯಾಗಿಯೇ ಇದ್ದರೂ ಬಿಚ್ಚಿ ಮತ್ತೆ ಹಾಕಿದಳು. “ಕೂಸಿಗೂ ಜನ ನೋಡಿದ ಹಾಗಾಗುತ್ತೆ.”

“ಕೆಮ್ಮೋ ಜನಾನಾ?”

ಮಗಳು ಒಳಗೆ ಹೋದಳು. ಟೀಚರಮ್ಮ ವೆರಾಂಡದ ಕುರ್ಚಿಯಲ್ಲಿ ಪೇಪರು ಹಿಡಿದಿದ್ದರು. ಪುಟ ತಿರುವುತ್ತಿರಲಿಲ್ಲ. ಹರಳಣ್ಣನ ಕೈ ಸುಮ್ಮನಿರಲಾರದೆ ಜೇಬಿನ ಸೈಕಲ್ ಕಡ್ಡಿಯನ್ನು ಹುಡುಕಿತು. ಹೊದಿಕೆಯನ್ನು ಹಿಂದಿನಿಂದ ಎತ್ತಿ, ಬಲಗಡೆಯ ಹಿಂಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತ.

ಮೊದಲು ಬಂದದ್ದು ಮೇಲ್ಸೇತುವೆಯ ಕರಿ ಜಲ್ಲಿ. ಸರಿ. ಆಮೇಲೆ ಶಿಶುವಿಹಾರದ ಅಂಗಳದ ಸಣ್ಣ ಬಿಳಿ ಕಲ್ಲು. ಅದೂ ಸರಿ. ಮೂರನೆಯದಾಗಿ ಕಡ್ಡಿಯ ತುದಿಗೆ ಒಂದು ಹಸಿರು ಎಳೆ ಸಿಕ್ಕಿಕೊಂಡಿತು. ಎಳೆದರೆ ಹುಲ್ಲು, ಬೇರು ಸಮೇತ, ಅರೆದ ಹಾಗೆ ಒಣಗಿದ್ದು. ಅದರ ಹಿಂದೆಯೇ ಹಳದಿ ಬಣ್ಣ ಬಳಿದ ಸಿಮೆಂಟಿನ ಒಂದು ಚಕ್ಕೆ.

ಹಳದಿ ಬಣ್ಣ ಬಳಿಯುವುದು ಸೇತುವೆಯ ಏರು ತಿರುವಿನ ಅಂಚುಗಟ್ಟೆಗೆ. ಅಲ್ಲಿ ಹುಲ್ಲು ಬೆಳೆಯುವುದು ಅಂಚುಗಟ್ಟೆಯ ಆಚೆಗೆ.

ಹರಳಣ್ಣ ಟೈರಿನ ಅಂಚಿನ ಭುಜದ ಮೇಲೆ ಬೆರಳಾಡಿಸಿದ. ಓಡಿದ ಟೈರಿನ ಗೀಚು ಉದ್ದಕ್ಕೆ ಇರಬೇಕು. ಇಲ್ಲಿ ಅಡ್ಡಕ್ಕಿತ್ತು. ಗಾಡಿ ಮುಂದಕ್ಕೆ ಹೋಗಿಲ್ಲ, ಪಕ್ಕಕ್ಕೆ ಹೋಗಿದೆ. ಅಂಗೈಯಲ್ಲಿ ಚಕ್ಕೆಯಿತ್ತು, ಎಂದಿನಂತೆ ರಸ್ತೆ ತಾನೇ ಬಿಚ್ಚಿಕೊಂಡಿತು. ಬೂದು ಮಳೆ, ಒದ್ದೆಯ ತಿರುವು, ಮೆಲ್ಲಗೆ ಬಾಲ ಬೀಸುವ ನೀಲಿ ಕಾರು, ಹಿಂದಿನ ಸೀಟಿನಲ್ಲಿ ಒಂದು ಪುಟ್ಟ ತಲೆ. ಅವನು ಕಣ್ಣು ತೆರೆದುಬಿಟ್ಟ. ಈ ಕಸುಬಿನ ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಒಂದು ರಸ್ತೆಯನ್ನು ನೋಡಲಾರದೆ ಕಣ್ಣು ತೆರೆದಿದ್ದ.

“ಮಗಳೇ” ಎಂದು ಕರೆದ. ಧ್ವನಿ ಅಷ್ಟು ಸಣ್ಣಗಿದ್ದದ್ದಕ್ಕೇ ಇರಬೇಕು, ಅವಳು ಓಡಿಬಂದಳು.

ಅಂಗೈ ಚಾಚಿ ತೋರಿಸಿದ. ಅವಳು ಚಕ್ಕೆಯನ್ನು ನೋಡಿದಳು, ಹುಲ್ಲನ್ನು ನೋಡಿದಳು, ಅಲ್ಲೇ ಮೆಟ್ಟಿಲ ಮೇಲೆ ಕೂತಳು.

“ಏನೂ ಆಗ್ಲಿಲ್ಲಪ್ಪಾ. ಕೂಸಿಗೆ ಏನೂ ಆಗ್ಲಿಲ್ಲ.”

“ಹೇಳು.”

“ತಿರುವಿನಲ್ಲಿ ಇದ್ದೆ. ಮಳೆ. ಹಿಂದೆ ಇವಳು ಕಿಟ್ಟನೆ ಕಿರುಚಿದ್ಲು, ಆಟದ ಸಾಮಾನು ಬಿದ್ದಿತ್ತು ಅಷ್ಟೇ. ಬೆಚ್ಚಿಬಿದ್ದೆ, ಆಕ್ಸಿಲರೇಟರ್ ಮೇಲೆ ಕಾಲು ಒಂಚೂರು ಒತ್ತಿಹೋಯ್ತು. ಒಂಚೂರೇ ಅಪ್ಪಾ! ಹಿಂದಿನ ಚಕ್ರ ಹೋಗೇಬಿಡ್ತು. ಕಟ್ಟೆ ಹತ್ತಿ ನಿಂತ್ಕೊಳ್ತು. ಆಮೇಲೆ ನೋಡಿದ್ರೆ ಇವಳು ನಗ್ತಾ ಇದಾಳೆ.” ಅವಳು ಅಪ್ಪನ ಬೆರಳುಗಳನ್ನು ಮಡಚಿ ಚಕ್ಕೆಯನ್ನು ಮುಚ್ಚಿದಳು. “ನಿಂಗೆ ಹೇಗೆ ಹೇಳ್ಲಿ? ನೀನು ಅಷ್ಟು ಆಸೆಪಟ್ಟು ಹಾಕಿಕೊಟ್ಟಿದ್ದೆ. ನನ್ನ ಕಾಲಿಂದೇ ತಪ್ಪು ಅಂದ್ಕೊಂಡೆ. ಇನ್ನು ಇವಳನ್ನ ಈ ಕಾರಲ್ಲಿ ಕೂರ್ಸಲ್ಲ.”

ವೆರಾಂಡದಿಂದ ಟೀಚರಮ್ಮ ನಿಧಾನವಾಗಿ ಎದ್ದು ಬಂದರು. ಈ ಸಲ ಚುಚ್ಚಲಿಲ್ಲ. “ಕಾಲಿಂದೇನೂ ತಪ್ಪಿಲ್ಲ ಬೀಗರೇ. ಆ ಕಾಲು ನನ್ನ ಕಾಲಿಗಿಂತ ಮೆದು. ಟೈರು ಗಟ್ಟಿ.”

ಹರಳಣ್ಣ ಟೈರಿಗೆ ಮತ್ತೊಮ್ಮೆ ಉಗುರು ಒತ್ತಿದ, ಗುರುತು ಮೂಡಲಿಲ್ಲ. ಟ್ಯಾಕ್ಸಿಗೂ ಹಾಲಿನ ವ್ಯಾನಿಗೂ ಅಷ್ಟು ಶಕ್ತಿಯಿಲ್ಲ, ಒದ್ದೆ ರಸ್ತೆಯಲ್ಲಿ ಕಾಲು ಒತ್ತಿದರೂ ಚಕ್ರ ಜಾರುವುದಿಲ್ಲ. ಅಲ್ಲಿ ಗಟ್ಟಿ ರಬ್ಬರು ನಡೆಯುತ್ತದೆ. ಹಿಂಚಕ್ರಕ್ಕೆ ಆರು ಸಿಲಿಂಡರಿನ ಬಲ ಬಂದು ಬೀಳುವ ಕಾರಿಗೆ ರಸ್ತೆಯನ್ನು ಕಚ್ಚುವ ರಬ್ಬರೇ ಬೇಕು. ಇದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ಆ ದಿನ ಕನಸಿನ ಮಾತು ಕೇಳಿದ್ದ. ತಾನಿಲ್ಲದ ದಿನಕ್ಕೆ ಟೈರು ಆರಿಸಿದ್ದ, ಮಗಳು ಓಡಿಸುತ್ತಿದ್ದದ್ದು ಇವತ್ತು.

“ಕಾರು ಆಚೆ ತೆಗಿ” ಎಂದ ಕೊನೆಗೆ. “ಕೂಸನ್ನ ಪಕ್ಕದ ಮನೆಯವರ ಹತ್ರ ಬಿಡು. ನಾನು ಹಿಂದೆ ಕೂರ್ತೀನಿ.”

“ನೀನಾ? ಕಾರಲ್ಲಾ?”

“ಕೈಯಲ್ಲಿ ನೋಡಿದ್ದು ಸಾಕು. ಅದು ಹೇಗೆ ಜಾರುತ್ತೆ ಅಂತ ನಾನು ಕೂತು ನೋಡ್ಬೇಕು.”

“ಬೀಗರೇ, ಹೊಟ್ಟೆ?” ಎಂದರು ಟೀಚರಮ್ಮ.

“ಪ್ಲಾಸ್ಟಿಕ್ ಚೀಲ ಒಂದು ಕೊಡಿ.”

ಭಾನುವಾರ ಮುಚ್ಚಿರುವ ಸಗಟು ಮಾರುಕಟ್ಟೆಯ ಹಿಂದೆ ಲಾರಿಗಳು ತಿರುಗುವ ಒಂದು ವಿಶಾಲ ಅಂಗಳವಿತ್ತು. ಕಾವಲುಗಾರ ಟೀಚರಮ್ಮನ ಹಳೆಯ ವಿದ್ಯಾರ್ಥಿ. ಇಂದಿಗೂ ಅವರನ್ನು ಕಂಡರೆ ಮಗ್ಗಿ ಕೇಳಿಯಾರು ಎಂಬ ಭಯದಲ್ಲಿ ಬೇಗನೆ ಗೇಟು ತೆರೆದ. ನೆಲದ ತುಂಬ ಮಳೆನೀರು ತೆಳ್ಳಗೆ ಹರಡಿ, ಆಕಾಶ ಕೆಳಗೂ ಒಂದು ಇದ್ದ ಹಾಗಿತ್ತು. ಮಗಳು ಸ್ಟಿಯರಿಂಗ್ ಹಿಡಿದಳು, ಟೀಚರಮ್ಮ ಪಕ್ಕದಲ್ಲಿ, ಹಿಂದೆ ಖಾಲಿ ತೊಟ್ಟಿಲುಗುರ್ಚಿಯ ಬದಿಗೆ ಹರಳಣ್ಣ, ಮಡಿಲಲ್ಲಿ ಚೀಲ.

“ಮೆತ್ತಗೆ ಸುತ್ತು ಹೊಡಿ” ಎಂದರು ಟೀಚರಮ್ಮ. “ಹಾಂ. ಈಗ ಆ ದಿನ ಒತ್ತಿದಷ್ಟೇ ಒತ್ತು.”

“ಭಯ ಆಗುತ್ತೆ ಅತ್ತೆ.”

“ಇಲ್ಲಿ ಗುದ್ದೋಕೆ ಏನೂ ಇಲ್ಲ. ನಿಮ್ಮಪ್ಪ ಹಿಂದೆ ವಾಂತಿ ಮಾಡ್ಕೊಳ್ಳೋದೊಂದೇ ಅಪಾಯ.”

ಮಗಳು ಒತ್ತಿದಳು. ಹರಳಣ್ಣ ಕಣ್ಣು ಮುಚ್ಚಿಕೊಂಡಿದ್ದ. ಎಂಜಿನ್ನು ಗುಡುಗಲಿಲ್ಲ, ಟೈರು ಕಿರುಚಲಿಲ್ಲ. ನಿದ್ದೆ ಬರುವ ಗಳಿಗೆಯಲ್ಲಿ ಹಾಸಿಗೆ ಕೆಳಗಿಂದ ಸರಿದುಹೋದ ಹಾಗೆ, ಸೊಂಟದ ಕೆಳಗೆ ನೆಲ ಇಲ್ಲವಾಯಿತು, ಅಷ್ಟೇ. ಎಷ್ಟು ಮೃದುವಾಗಿ! ಯಾರೋ ಹೇಳದೆ ಕೈ ಬಿಟ್ಟ ಹಾಗೆ. ಕಾರು ಒಂದು ಸುತ್ತು ತಿರುಗಿ, ಬಂದ ದಾರಿಗೇ ಮುಖಮಾಡಿ ನಿಂತಿತು. ನೀರಿನ ಮೇಲೆ ಅಲೆಯ ಬಳೆಗಳೆದ್ದು ದೂರ ದೂರ ಹೋದವು.

ಕಣ್ಣು ಬಿಟ್ಟಾಗ ಅವನ ಬಲಗೈ ತೊಟ್ಟಿಲುಗುರ್ಚಿಯ ಖಾಲಿ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

“ಇನ್ನೊಂದ್ಸಲಾನಾ ಬೀಗರೇ?”

“ಬೇಡ. ಗೊತ್ತಾಯ್ತು” ಎಂದ. ಚೀಲ ಖಾಲಿಯಿತ್ತು. ಹೊಟ್ಟೆ ತೊಳೆಸುವುದನ್ನೇ ಮರೆತಿತ್ತು.

ಮರುದಿನ ಷಟರು ತೆರೆದವನು ಗಿರಾಕಿಗಳನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿದ. ಮೆದು ರಬ್ಬರು ಅವನ ಅಂಗಡಿಯಲ್ಲೇ ಇರಲಿಲ್ಲ, ದೊಡ್ಡ ಗೋದಾಮಿಗೆ ನಡೆದುಹೋಗಿ ಇಡೀ ಬೆಳಗ್ಗೆ ಹುಡುಕಿದ. ಅಲ್ಲಿಯವರು ಮೊದಲು ತೋರಿಸಿದ್ದು ಕಾರು ಪಂದ್ಯದ ಟೈರು. ಉಗುರೊತ್ತಿದರೆ ಬೆಣ್ಣೆಯಂತೆ ಒಳಗಿಳಿಯಿತು, ಆದರೆ ಮೈ ನುಣ್ಣಗೆ, ಗೀರೇ ಇಲ್ಲ. ಒಣ ನೆಲದಲ್ಲಿ ಅಂಟಿಕೊಳ್ಳುತ್ತದೆ, ಮಳೆಯಲ್ಲಿ ನೀರು ಹೋಗಲು ದಾರಿಯಿಲ್ಲದೆ ತೇಲಿಬಿಡುತ್ತದೆ. ಅದನ್ನು ಬದಿಗಿಟ್ಟ. ಇನ್ನೊಂದಕ್ಕೆ ಗೀರು ಆಳವಿತ್ತು, ಹುಟ್ಟಿ ಮೂರು ವರ್ಷವಾಗಿತ್ತು. ಅದನ್ನೂ ಬದಿಗಿಟ್ಟ. ಮೂಲೆಯಲ್ಲಿ ನಿಂತಿದ್ದದ್ದಕ್ಕೆ ಮಧ್ಯದಲ್ಲಿ ನಾಲ್ಕು ಅಗಲ ಕಾಲುವೆ, ಬದಿಗೆ ನೀರು ಚೆಲ್ಲುವ ಓರೆ ಗೀರು, ಹುಟ್ಟಿ ಒಂಬತ್ತು ವಾರ. ಹೆಬ್ಬೆರಳ ಉಗುರನ್ನು ಒತ್ತಿ ತೆಗೆದ. ಸಣ್ಣ ಬಾಲಚಂದ್ರನಂಥ ಗುರುತು ಮೂಡಿತು. ಅವನು ಉಸಿರು ಬಿಗಿಹಿಡಿದು ನೋಡಿದ. ಎರಡು ಉಸಿರಿನಷ್ಟು ಹೊತ್ತು ನಿಂತಿದ್ದು, ಚಂದ್ರ ಮೆಲ್ಲಗೆ ಕರಗಿತು. ಬದಿಯಲ್ಲಿ ಬಾಳಿಕೆಯ ಅಂಕಿ ಇನ್ನೂರ ನಲವತ್ತು.

“ಇದಾ ಹರಳಣ್ಣಾ?” ಗೋದಾಮಿನವನಿಗೆ ನಂಬಿಕೆಯಾಗಲಿಲ್ಲ. “ಇದು ಎರಡು ವರ್ಷಾನೂ ಬರಲ್ಲ. ನಿಮ್ಮ ಹೆಸರು ಕೆಡುತ್ತೆ.”

“ಕೆಡ್ಲಿ ಬಿಡಪ್ಪಾ.”

ಸಂಜೆ ಅತ್ತೆ ಸೊಸೆಯರ ಮುಂದೆ ಅವನು ನಾಲ್ಕನ್ನೂ ಕೂರಿಸಿದ. ಗಾಳಿ ತುಂಬುವಾಗ ಮಾತು ತಾನಾಗಿ ಬಂತು. “ತಪ್ಪು ನಂದು ಮಗಳೇ. ನಿನ್ನ ಕಾಲಿಂದಲ್ಲ. ನಾನು ಸತ್ತ ಮೇಲೂ ಇರ್ಲಿ ಅಂತ ಹಾಕ್ದೆ.”

“ಏನ್ ಮಾತು ಆಡ್ತೀಯಾ ಅಪ್ಪಾ!”

“ಆಡೋದೇ. ಇವು ಬೇಗ ಸವೀತವೆ. ತಿಂಗಳಿಗೊಂದ್ಸಲ ತರ್ಬೇಕು, ನಾನು ನೋಡ್ಬೇಕು. ಬೆಳಗ್ಗೆ ಟೈರು ತಣ್ಣಗಿದ್ದಾಗಲೇ ಗಾಳಿ ನೋಡೋದು. ಗೀರಿನ ಆಳ ನನ್ನ ಉಗುರಿನ ಕಾಲುಭಾಗಕ್ಕಿಂತ ಕಮ್ಮಿಯಾದ್ರೆ ಆ ದಿನವೇ ಬದಲು. ಮೊದಲ ಹತ್ತು ದಿನ ಮೆಲ್ಲಗೆ ಓಡ್ಸು, ಹೊಸ ಟೈರಿನ ಮೈಯ ನುಣುಪು ಹೋಗ್ಬೇಕು.”

“ಹಾಗಾದ್ರೆ ಬೀಗರು ಇನ್ನು ಇಪ್ಪತ್ತು ವರ್ಷ ಇರಲೇಬೇಕಾಯ್ತು” ಎಂದರು ಟೀಚರಮ್ಮ. “ಎರಡು ವರ್ಷಕ್ಕೊಂದು ಸೆಟ್ಟು. ಹತ್ತು ಸೆಟ್ಟು. ಲೆಕ್ಕ ಸರಿಯಾಯ್ತು.”

ಮಗಳು ನಕ್ಕಳು. ಆದರೂ ಕೂಸನ್ನು ಕಾರಿನಲ್ಲಿ ಕೂರಿಸುವ ಮಾತೆತ್ತಲಿಲ್ಲ. ಹತ್ತು ದಿನ ಒಬ್ಬಳೇ ಓಡಿಸಿದಳು, ಖಾಲಿ ತೊಟ್ಟಿಲುಗುರ್ಚಿಯಲ್ಲಿ ಒಂದು ದಿಂಬನ್ನು ಬಿಗಿದು. ದಿಂಬು ಒಮ್ಮೆಯೂ ವಾಲಲಿಲ್ಲ. ಹನ್ನೊಂದನೆಯ ದಿನ ಬೆಳಗ್ಗೆ ಮಳೆ. ಅವಳು ಫೋನು ಮಾಡಿದಳು. “ಅಪ್ಪಾ, ನೀನು ಬಂದು ಹಿಂದೆ ಕೂತ್ರೆ ಮಾತ್ರ ಇವಳನ್ನ ಕರ್ಕೊಂಡು ಹೋಗ್ತೀನಿ.”

ಹರಳಣ್ಣ ಚೀಲವನ್ನು ಜೇಬಿಗೆ ತುರುಕಿಕೊಂಡು ಬಂದ. ಕೂಸಿನ ಪಕ್ಕ ಕೂತ. ಕೂಸು ಅವನ ಹೆಬ್ಬೆರಳನ್ನು ಹಿಡಿದು, ಆ ದಪ್ಪ ಹಳದಿ ಉಗುರನ್ನು ತನ್ನ ಒಸಡಿಗೆ ಒತ್ತಿಕೊಂಡಿತು. ಕೆಳಗೆ ಅಕ್ಕಿಕಾಳಿನಷ್ಟು ಏನೋ ಗಟ್ಟಿಯಾಗಿ ತಾಗಿತು.

“ಹಲ್ಲು ಬಂದಿದೆ ಮಗಳೇ.”

“ಈಗ ಹೇಳ್ಬೇಡ ಅಪ್ಪಾ! ತಿರುವು ಬಂತು!”

ಮೇಲ್ಸೇತುವೆಯ ಏರು ತಿರುವು ಬೂದು ಮಳೆಯೊಳಗಿಂದ ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು. ಹಳದಿ ಅಂಚುಗಟ್ಟೆ, ಅದರಲ್ಲೊಂದು ಕಡೆ ಚಕ್ಕೆ ಎದ್ದ ಗಾಯ, ಆಚೆಗೆ ಒದ್ದೆ ಹುಲ್ಲು. ಎಲ್ಲವನ್ನೂ ಅವನು ಮೊದಲೇ ನೋಡಿದ್ದ, ಅಂಗೈಯಲ್ಲಿ. ಮಗಳ ಹೆಗಲು ಕಿವಿಯ ತನಕ ಏರಿತ್ತು. ಎಂಜಿನ್ನಿನ ದನಿ ಒಂದು ಮೆಟ್ಟಿಲು ಮೇಲೇರಿತು. ಹರಳಣ್ಣ ಸೊಂಟದ ಕೆಳಗೆ ಕಿವಿಯಿಟ್ಟವನಂತೆ ಕೂತ. ನೆಲ ಇತ್ತು. ಮತ್ತೂ ಇತ್ತು. ರಬ್ಬರು ಒದ್ದೆ ರಸ್ತೆಯನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಮತ್ತೆ ಹಿಡಿದು, ಕೂಸು ಅವನ ಬೆರಳನ್ನು ಚೀಪುವ ಹಾಗೆಯೇ, ಮೇಲಕ್ಕೆ ಹತ್ತಿಸಿಕೊಂಡು ಹೋಯಿತು.

ತಿರುವು ಮುಗಿದಾಗ ಮಗಳ ಹೆಗಲು ಇಳಿಯಿತು. “ಹೋಯ್ತಾ ಅಪ್ಪಾ? ದಾಟಿದ್ವಾ?”

“ದಾಟಿದ್ವಿ. ಮುಂದೆ ನೋಡ್ಕೊಂಡು ಓಡ್ಸು.”

ಸೇತುವೆಯ ಮೇಲಿನಿಂದ ಊರು ಕಾಣುತ್ತಿತ್ತು, ಒದ್ದೆ ತಾರಸಿಗಳು, ನೀರಿನ ಟ್ಯಾಂಕುಗಳು, ದೂರದಲ್ಲಿ ಅವನ ಅಂಗಡಿಯ ತಗಡು. ಅಷ್ಟು ಎತ್ತರದಿಂದ ಅದನ್ನು ಅವನು ನೋಡಿದ್ದೇ ಇಲ್ಲ. ಶಿಶುವಿಹಾರದ ಮುಂದೆ ಕಾರು ನಿಂತಾಗ ಮಗಳು ಕೂಸನ್ನು ಎತ್ತಿಕೊಂಡು, ಹಲ್ಲನ್ನು ಮೂರು ಸಲ ಮುಟ್ಟಿ ನೋಡಿ, ಒಳಗೆ ಹೋದಳು. ಹರಳಣ್ಣ ಇಳಿದು ಹಿಂಚಕ್ರದ ಮುಂದೆ ಕೂತು ಕಡ್ಡಿ ತೆಗೆದ. ಮೆದು ರಬ್ಬರು, ಆಗಲೇ ಒಂದು ಹರಳನ್ನು ಹಿಡಿದುಕೊಂಡಿತ್ತು. ಸಾಧಾರಣ ಕರಿ ಜಲ್ಲಿ, ಮಳೆಯಲ್ಲಿ ಮಿರುಗುತ್ತಿತ್ತು. ಅದನ್ನು ಒರೆಸಿ, ಜೇಬಿನಲ್ಲಿ ಮುಟ್ಟದೆ ಉಳಿದಿದ್ದ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಬಾಯಿಗೆ ಎರಡು ಗಂಟು ಬಿಗಿದ. ಮಗಳು ಬಂದ ಕೂಡಲೇ ಕೇಳುತ್ತಾಳೆ, ಕಲ್ಲನ್ನು ಎಲ್ಲಿಟ್ಟೆ ಎಂದು.